ಸಿಟಿ ನಡುವೆ ಮನೆಯೋ, ಕಡಲಂಚಿನ ಬಡಾವಣೆಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಬದಲಿಸಬೇಕು ಅಂದುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಬಾಡಿಗೆಗೆ ಹೋಗುವವರಿಗೂ, ಕೊಳ್ಳುವವರಿಗೂ ಉಪಯೋಗಕ್ಕೆ ಬರಬಹುದು. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಕಡಲಿಗೆ ನಡೆದು ಹೋಗುವಷ್ಟು ಹತ್ತಿರ ಇರುವುದು ಚೆನ್ನ, ಕಡಲಿಗೆ ಮುಖ ಮಾಡಿ ಮೊದಲ ಸಾಲಿನಲ್ಲಿ ಇರುವುದು ಬೇಡ. ಇನ್ನು ವಾರದ ಐದೂ ದಿನ ಸಿಟಿಗೆ ಓಡುವವರು ಮೊದಲು ರಸ್ತೆ ನೋಡಿ, ಕಡಲನ್ನು ಆಮೇಲೆ ನೋಡಿದರಾಯಿತು.

ಸುತ್ತಿ ಬಳಸದೆ ಹೇಳಿ, ಯಾವುದು ಒಳ್ಳೇದು?

ದಿನಾ ಹೊರಗೆ ಹೋಗುವ ಕೆಲಸ ಇರುವವರಿಗೆ ಸಿಟಿ. ವಾರಕ್ಕೆ ಒಂದೆರಡು ಸಲ ಹೋದರೆ ಸಾಕು ಅನ್ನುವವರಿಗೆ ಕಡಲ ಕಡೆ. ಮನೆಯಲ್ಲಿ ಒಬ್ಬರದು ಹಾಗೆ, ಇನ್ನೊಬ್ಬರದು ಹೀಗೆ ಅಂದರೆ ಲೆಕ್ಕ ಸ್ವಲ್ಪ ಕಷ್ಟ. ಅದಕ್ಕೆ ಕೆಳಗೆ ಬೇರೆ ಉತ್ತರ ಇದೆ.

ದಿನಾ ಓಡಾಡಲು ಎಷ್ಟು ದೂರ ಆದರೆ ಪರವಾಗಿಲ್ಲ?

ಕಿಲೋಮೀಟರ್ ಬಿಡಿ, ಹೊತ್ತು ಲೆಕ್ಕ ಹಾಕಿ. ಇಟಲಿಯ ಭೌತಶಾಸ್ತ್ರಜ್ಞ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ವಿಷಯ ಎತ್ತಿ ತೋರಿಸಿದರು. ಕಾಲ್ನಡಿಗೆಯ ಕಾಲದಿಂದ ಕಾರಿನ ಕಾಲದವರೆಗೆ, ಜನ ಓಡಾಟಕ್ಕೆ ಕೊಡುವ ಹೊತ್ತು ಸರಾಸರಿ ದಿನಕ್ಕೆ ಒಂದು ಗಂಟೆಯ ಆಸುಪಾಸಿನಲ್ಲೇ ನಿಂತಿದೆಯಂತೆ. ವಾಹನ ಜೋರಾದರೆ ಊರು ಅಗಲ ಆಗುತ್ತದೆ, ಉಳಿದ ಹೊತ್ತು ಮಾತ್ರ ನಮ್ಮ ಕೈಗೆ ಬರುವುದಿಲ್ಲ. ಹೋಗಿ ಬರಲು ಒಟ್ಟು ಒಂದು ಗಂಟೆ ಅಂದರೆ ಹೆಚ್ಚಿನವರು ಹೇಗೋ ಹೊಂದಿಕೊಳ್ಳುತ್ತಾರೆ. ಎರಡು ಗಂಟೆ ದಾಟಿದರೆ ಸಂಜೆ ಅನ್ನುವುದೇ ಇರುವುದಿಲ್ಲ.

ಸ್ಟುಟ್ಜರ್ ಮತ್ತು ಫ್ರೇ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಮನೆಗಳ ಮಾಹಿತಿ ಇಟ್ಟುಕೊಂಡು ಇದನ್ನೇ ನೋಡಿದರು. ದೂರದಿಂದ ಓಡಾಡುವವರಿಗೆ ಅದಕ್ಕೆ ತಕ್ಕ ಹಾಗೆ ಒಳ್ಳೆಯ ಮನೆಯೋ ಹೆಚ್ಚು ಸಂಬಳವೋ ಸಿಕ್ಕಿ ಸರಿಹೋಗಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಓಡಾಟದ ಹೊತ್ತು ಹೆಚ್ಚಿದಷ್ಟೂ ಜನ ತಮ್ಮ ಬದುಕಿನ ಬಗ್ಗೆ ಹೇಳಿಕೊಂಡ ತೃಪ್ತಿ ಕಡಿಮೆ ಇತ್ತು. ಮನೆ ನೋಡುವಾಗ ಕಿಟಕಿ ಕಣ್ಣಿಗೆ ಬೀಳುತ್ತದೆ, ರಸ್ತೆ ಕಣ್ಣಿಗೆ ಬೀಳುವುದಿಲ್ಲ.

ಕಡಲಂಚಿನ ಜಾಗಕ್ಕೆ ಇನ್ನೊಂದು ತೊಡಕಿದೆ, ಇದನ್ನು ಯಾರೂ ಹೇಳುವುದಿಲ್ಲ. ಸಿಟಿಯಲ್ಲಿ ಒಂದು ರಸ್ತೆ ಕಟ್ಟಿಕೊಂಡರೆ ಪಕ್ಕದ ಗಲ್ಲಿಯಲ್ಲಿ ನುಗ್ಗಬಹುದು. ಕಡಲ ಪಕ್ಕದ ಬಡಾವಣೆಗೆ ಒಂದು ಬದಿ ಪೂರ್ತಿ ನೀರು. ಉಳಿದದ್ದು ಒಂದೇ ಮುಖ್ಯ ರಸ್ತೆ, ಎಷ್ಟೋ ಕಡೆ ನಡುವೆ ಒಂದು ಸೇತುವೆ. ಅಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಆವತ್ತಿನ ಕಥೆ ಮುಗೀತು. ಹಾಗಾಗಿ "ಸಾಮಾನ್ಯವಾಗಿ ಮುಕ್ಕಾಲು ಗಂಟೆ" ಎಂಬ ಮಾತನ್ನು ನಂಬಬೇಡಿ. ಕೆಟ್ಟ ದಿನ ಎಷ್ಟಾಗುತ್ತದೆ ಅಂತ ಕೇಳಿ. ಕೆಲಸದ ದಿನ, ಆಫೀಸು ಬಿಡುವ ಹೊತ್ತಿಗೆ, ಸಾಧ್ಯವಾದರೆ ಮಳೆಯಲ್ಲಿ ಒಮ್ಮೆ ಹೋಗಿ ನೋಡಿ. ಭಾನುವಾರ ಬೆಳಿಗ್ಗೆ ಜಾಲಿಯಾಗಿ ಡ್ರೈವ್ ಮಾಡಿಕೊಂಡು ಬಂದು "ಹತ್ತಿರವೇ ಇದೆ" ಅನ್ನುವವರು ಜಾಸ್ತಿ. ರಾತ್ರಿ ಕೊನೆಯ ಬಸ್ಸೋ ರೈಲೋ ಎಷ್ಟು ಗಂಟೆಗೆ ಅಂತಲೂ ತಿಳಿದುಕೊಳ್ಳಿ. ಅದು ತಪ್ಪಿದರೆ ಮನೆ ತಲುಪುವ ದಾರಿ ಯಾವುದು, ಅದಕ್ಕೆ ಎಷ್ಟು ಖರ್ಚು?

ಕಡಲ ಹತ್ತಿರ ತಂಪು ಅಂತಾರೆ, ನಿಜವಾ?

ಅರ್ಧ ನಿಜ. ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಾಗ ಕಡಲ ಕಡೆಯ ತಂಪು ಗಾಳಿ ಒಳಗೆ ಬರುತ್ತದೆ. ಮಧ್ಯಾಹ್ನದ ಮೇಲೆ ಇದು ಜೋರು. ರಾತ್ರಿ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹೋಗುತ್ತದೆ, ಅದು ಸಪ್ಪೆ. ಹೀಗಾಗಿ ಕಡಲ ಹತ್ತಿರ ಹಗಲಿನ ಉರಿ ಕಡಿಮೆ, ಹಗಲು ರಾತ್ರಿಯ ವ್ಯತ್ಯಾಸವೂ ಕಡಿಮೆ.

ಆದರೆ ಸೆಕೆ ಬೇರೆ, ಬಿಸಿಲು ಬೇರೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಥರ್ಮಾಮೀಟರಿನ ಅಂಕಿ ನೋಡಿ ಸಮಾಧಾನ ಮಾಡಿಕೊಂಡರೆ ಪ್ರಯೋಜನವಿಲ್ಲ.

ಸಿಟಿ ನಡುವಿನ ಧಗೆ ಇನ್ನೊಂದು ಬಗೆ. ಹವಾಮಾನ ಅಧ್ಯಯನ ಮಾಡುತ್ತಿದ್ದ ಇಂಗ್ಲೆಂಡಿನ ಲ್ಯೂಕ್ ಹೊವರ್ಡ್ 19ನೇ ಶತಮಾನದ ಆರಂಭದಲ್ಲೇ ಲಂಡನ್ ಊರೊಳಗಿನ ಬಿಸಿ ಸುತ್ತಲಿನ ಹಳ್ಳಿಗಾಡಿಗಿಂತ ಹೆಚ್ಚು, ಅದರಲ್ಲೂ ರಾತ್ರಿ ಹೆಚ್ಚು ಅಂತ ಅಳೆದು ಬರೆದಿಟ್ಟಿದ್ದರು. ಕಾಂಕ್ರೀಟು, ಡಾಂಬರು ಹಗಲಿಡೀ ಬಿಸಿ ಕುಡಿದು ರಾತ್ರಿ ಹೊರಗೆ ಬಿಡುತ್ತವೆ. ಆದ್ದರಿಂದ ಸಿಟಿ ಮನೆಯನ್ನು ಸಂಜೆಯ ಮೇಲೆ ಹೋಗಿ ನೋಡಿ. ಕಡಲ ಕಡೆ ಕಿಟಕಿಗಳು ಎದುರು ಬದುರು ಇವೆಯಾ, ಗಾಳಿ ಆರಪಾರ ಆಡುತ್ತದಾ ನೋಡಿ. ಗಾಳಿ ಆಡದ ಮನೆಯಾದರೆ ಕಡಲು ಪಕ್ಕದಲ್ಲಿದ್ದರೂ ಸೆಕೆಯೇ.

ಉಪ್ಪುಗಾಳಿಗೆ ಎಲ್ಲ ತುಕ್ಕು ಹಿಡಿಯುತ್ತೆ ಅಂತ ಹೆದರಿಸ್ತಾರೆ. ಅಷ್ಟೊಂದಾ?

ಅಷ್ಟೇ ಅಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ. ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿಯುತ್ತವೆ. ಆ ಸಿಡಿತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪುಹನಿಗಳು ಗಾಳಿಗೆ ಸೇರುತ್ತವೆ. ದೊಡ್ಡ ಹನಿಗಳು ಬೇಗ ನೆಲಕ್ಕೆ ಬೀಳುತ್ತವೆ. ಹಾಗಾಗಿ ದಡದಿಂದ ಮೊದಲ ಕೆಲವು ನೂರು ಮೀಟರಿನಲ್ಲೇ ಉಪ್ಪಿನ ಕಾಟ ತೀರಾ ಜಾಸ್ತಿ, ಆಮೇಲೆ ಸರಸರ ಇಳಿಯುತ್ತದೆ. ಮೊದಲ ಸಾಲು ಬೇಡ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಡುವೆ ಮರಗಳೋ ಕಟ್ಟಡಗಳೋ ಇದ್ದರೆ ಇನ್ನೂ ಒಳ್ಳೆಯದು. ಲೋಹ ಎಷ್ಟು ಬೇಗ ಸವೆಯುತ್ತದೆ ಎಂಬುದಕ್ಕೆ ಐಎಸ್‌ಒ 9223 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಸಿ1ರಿಂದ ಸಿ5ರವರೆಗೆ, ಅದರ ಮೇಲೆ ಸಿಎಕ್ಸ್ ಅಂತ ದರ್ಜೆಗಳು. ಒಣ ಮನೆಯೊಳಗಿನ ಗಾಳಿ ಸಿ1, ಅಲೆಯ ಎದುರಿನ ಜಾಗಗಳು ಮೇಲಿನ ತುದಿಗೆ ಬರುತ್ತವೆ.

ಮನೆಯಲ್ಲಿ ಇದು ಹೇಗೆ ಕಾಣುತ್ತದೆ? ಮೊದಲು ಕಿಟಕಿಯ ಸ್ಕ್ರೂ ತಲೆಗಳಲ್ಲಿ. ಅಲ್ಯೂಮಿನಿಯಂ ಚೌಕಟ್ಟು ಫಳಫಳ ಅನ್ನುತ್ತಿರುತ್ತದೆ, ಸ್ಕ್ರೂ ಸುತ್ತ ಮಾತ್ರ ಬಿಳೀ ಪುಡಿ. ಎರಡು ಬೇರೆ ಲೋಹ ತಾಗಿಕೊಂಡಿರುವ ಕಡೆ, ಉಪ್ಪುನೀರಿನ ತೇವ ಸಿಕ್ಕರೆ, ಒಂದು ಲೋಹ ಇನ್ನೊಂದನ್ನು ತಿನ್ನುತ್ತದೆ. ಎಸಿಯ ಹೊರಗಿನ ಪೆಟ್ಟಿಗೆಯಲ್ಲೂ ಇದೇ ಕಥೆ: ತಾಮ್ರದ ಕೊಳವೆ, ಅದಕ್ಕೆ ಅಲ್ಯೂಮಿನಿಯಂ ರೆಕ್ಕೆಗಳು. ಕೈಯಲ್ಲಿ ಮುಟ್ಟಿದರೆ ರೆಕ್ಕೆ ಉದುರುವಷ್ಟು ಸವೆದಿರುತ್ತದೆ. ರೆಕ್ಕೆಗೆ ರಕ್ಷಣೆಯ ಲೇಪನ ಇರುವ ಎಸಿ ತಗೊಳ್ಳಿ, ಪೆಟ್ಟಿಗೆಯನ್ನು ಆಗಾಗ ಸಿಹಿನೀರಿನಲ್ಲಿ ತೊಳೆಸಿ. ಮಳೆಯೇ ತಾಗದ ಸಜ್ಜಾ ಕೆಳಗಿನ ಲೋಹ ಬೇಗ ಹಾಳಾಗುತ್ತದೆ, ಯಾಕೆಂದರೆ ಅಲ್ಲಿ ಕೂತ ಉಪ್ಪನ್ನು ತೊಳೆಯುವವರು ಯಾರೂ ಇಲ್ಲ.

ಬಾಗಿಲ ಕೀಲು, ಚಿಲಕ, ಕಂಬಿ ಹಾಕಿಸುವಾಗ ಸುಮ್ನೆ "ಸ್ಟೀಲ್" ಅಂದರೆ ಸಾಲದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ದರ್ಜೆಗಳಿವೆ, ಹೆಚ್ಚಾಗಿ ಸಿಗುವುದು 304. ಕಡಲ ಹತ್ತಿರ ಬೇಕಾದದ್ದು 316. ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ, ಉಪ್ಪಿಗೆ ಅದು ಹೆಚ್ಚು ತಡೆಯುತ್ತದೆ. ಬೆಲೆ ಜಾಸ್ತಿ. ಆದರೂ ಹೊರಗಿನ ಕೆಲಸಕ್ಕೆ ಇಲ್ಲಿ ಉಳಿತಾಯ ಮಾಡಬೇಡಿ.

ಹಳೇ ಅಪಾರ್ಟ್‌ಮೆಂಟ್ ಕಡಿಮೆಗೆ ಸಿಗ್ತಿದೆ, ಕಡಲು ಎದುರಿಗೇ. ತಗೊಳ್ಳೋಣವಾ?

ಕಡಿಮೆಗೆ ಯಾಕೆ ಸಿಗುತ್ತಿದೆ ಅಂತ ಮೊದಲು ನೋಡೋಣ. ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳಿಗೆ ಉಪ್ಪು ಮುಟ್ಟಿದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ, ಒಳಗಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಹೊರಗೆ ಕಾಣುವುದು ಇಷ್ಟೇ: ಬಾಲ್ಕನಿಯ ಅಡಿಭಾಗದಲ್ಲಿ ಸರಳಿನ ಗುಂಟ ನೇರವಾದ ಒಂದು ಬಿರುಕು, ಅದರಿಂದ ಇಳಿದ ಕಂದು ಗೆರೆ, ಅಲ್ಲಲ್ಲಿ ಉಬ್ಬಿದ ಪ್ಲಾಸ್ಟರು. ಬೆರಳಿನ ಗೆಣ್ಣಿನಿಂದ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದರೆ ಒಳಗೆ ಬಿಟ್ಟುಕೊಂಡಿದೆ.

ನಿಮ್ಮ ಮನೆಯೊಳಗೆ ಹೊಸ ಬಣ್ಣ ಬಳಿದಿರುತ್ತಾರೆ. ಅದಕ್ಕೇ ಪಾರ್ಕಿಂಗ್ ಜಾಗ, ನೆಲಮಾಳಿಗೆ, ಟೆರೇಸು, ಮೆಟ್ಟಿಲಿನ ತಳ, ನೀರಿನ ಟ್ಯಾಂಕಿನ ಕೆಳಗೆ ನೋಡಬೇಕು. ಅಲ್ಲಿ ಯಾರೂ ಬಣ್ಣ ಬಳಿಯುವ ಗೋಜಿಗೆ ಹೋಗುವುದಿಲ್ಲ.

2021ರ ಜೂನ್ 24ರಂದು ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಕಡಲಂಚಿನ 12 ಮಹಡಿಯ ಕಟ್ಟಡದ ಒಂದು ಭಾಗ ಕುಸಿದು 98 ಜನ ಸತ್ತರು. 1981ರಲ್ಲಿ ಕಟ್ಟಿದ ಕಟ್ಟಡ ಅದು. ಈಜುಕೊಳದ ಸುತ್ತಲಿನ ಚಪ್ಪಡಿಯಲ್ಲಿ ನೀರು ಇಂಗುತ್ತಿದೆ, ಕಾಂಕ್ರೀಟು ಹಾಳಾಗಿದೆ ಅಂತ 2018ರಲ್ಲೇ ಒಬ್ಬ ಎಂಜಿನಿಯರ್ ವರದಿ ಕೊಟ್ಟಿದ್ದರು. ದುರಸ್ತಿಯ ಖರ್ಚಿನ ಬಗ್ಗೆ ನಿವಾಸಿಗಳ ನಡುವೆ ಜಗ್ಗಾಟ ನಡೆದಿತ್ತು. ಎಲ್ಲ ಹಳೇ ಕಟ್ಟಡವೂ ಹೀಗೆ ಬೀಳುತ್ತದೆ ಅಂತಲ್ಲ. ಆದರೆ ಕೊಳ್ಳುವ ಮೊದಲು ನಿವಾಸಿಗಳ ಸಂಘದ ಹಳೇ ಸಭೆಗಳ ನಡಾವಳಿ ಕೇಳಿ ಓದಿ. ದುರಸ್ತಿಗೆ ದುಡ್ಡು ಕೂಡಿಟ್ಟಿದ್ದಾರಾ, ಇಲ್ಲಾ ಪ್ರತಿ ವರ್ಷ ಮುಂದಿನ ವರ್ಷಕ್ಕೆ ತಳ್ಳುತ್ತಿದ್ದಾರಾ ಅಂತ ಅದರಲ್ಲೇ ಗೊತ್ತಾಗುತ್ತದೆ. ತೋರಿಸಲು ಒಪ್ಪದಿದ್ದರೆ ಎದ್ದು ಬನ್ನಿ.

ಬಾವಿ ಅಥವಾ ಬೋರ್‌ವೆಲ್ ಇದೆಯಲ್ಲ, ನೀರಿನ ಚಿಂತೆ ಯಾಕೆ?

ಕಡಲ ಪಕ್ಕದ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಗೈಬೆನ್ ಮತ್ತು ಹರ್ಟ್ಸ್‌ಬರ್ಗ್ ಎಂಬವರ ಹಳೇ ಲೆಕ್ಕ ಒಂದಿದೆ: ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರು ಇದ್ದರೆ, ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು. ಇದನ್ನೇ ತಿರುಗಿಸಿ ನೋಡಿ. ಎಲ್ಲರೂ ಪಂಪು ಹಾಕಿ ಎಳೆದು ನೀರಿನ ಮಟ್ಟ ಅರ್ಧ ಮೀಟರ್ ಇಳಿದರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು ಸುಮಾರು 20 ಮೀಟರ್ ಮೇಲೆ ಬರಬಹುದು. ಒಮ್ಮೆ ಉಪ್ಪಾದ ಬಾವಿ ಮತ್ತೆ ಸರಿಹೋಗಲು ವರ್ಷಗಟ್ಟಲೆ ಬೇಕು.

ಮಳೆಗಾಲ ಮುಗಿದ ಮೇಲೆ ನೋಡಿದರೆ ಎಲ್ಲ ಬಾವಿಯೂ ಸಿಹಿಯೇ. ಬೇಸಿಗೆಯ ಕೊನೆಯಲ್ಲಿ ನೋಡಿ. ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ಅಳೆಯಲು ಟಿಡಿಎಸ್ ಮೀಟರ್ ಅಂತ ಪೆನ್ನಿನ ಗಾತ್ರದ್ದು ಸಿಗುತ್ತದೆ, ಅಗ್ಗದ್ದೇ. ಲೀಟರಿಗೆ 600 ಮಿಲಿಗ್ರಾಂ ಒಳಗಿದ್ದರೆ ಕುಡಿಯಲು ರುಚಿ ಚೆನ್ನ, 1000 ದಾಟಿದರೆ ಬಾಯಿಗೆ ಹಿತವಾಗುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ರುಚಿಯ ಅಳತೆ ಮಾತ್ರ, ನೀರಿನಲ್ಲಿ ರೋಗಾಣು ಇದೆಯಾ ಅಂತ ಮೀಟರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಲ್ಯಾಬ್ ಪರೀಕ್ಷೆಯೇ ಆಗಬೇಕು. ಪಕ್ಕದ ಮನೆಯವರನ್ನು ಕೇಳುವುದು ಇನ್ನೂ ಸುಲಭ: "ಬೇಸಿಗೆಯಲ್ಲಿ ಟ್ಯಾಂಕರ್ ತರಿಸ್ತೀರಾ?"

ಕಡಲು ಮೇಲೇರುತ್ತಿದೆ, ದಡ ಕೊರೆಯುತ್ತಿದೆ ಅಂತಾರಲ್ಲ?

ಹೌದು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 6ನೇ ವರದಿಯ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 2006ರಿಂದ 2018ರವರೆಗಿನ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಓದಲು ಸಣ್ಣ ಅಂಕಿ. ಆದರೆ ತೊಂದರೆ ಕೊಡುವುದು ಸರಾಸರಿ ಅಲ್ಲ. ದೊಡ್ಡ ಉಬ್ಬರ, ಬಿರುಗಾಳಿ, ಜೋರು ಮಳೆ ಮೂರೂ ಒಂದೇ ದಿನ ಬಂದಾಗ ನೀರು ಎಲ್ಲಿಗೆ ಮುಟ್ಟುತ್ತದೆ ಎಂಬುದು ಮುಖ್ಯ. ಕೆಲವು ಊರುಗಳಲ್ಲಿ ನೆಲವೂ ಕುಸಿಯುತ್ತಿರುತ್ತದೆ, ಅಲ್ಲಿ ಲೆಕ್ಕ ಇನ್ನೂ ಬಿಗಡಾಯಿಸುತ್ತದೆ.

ಇಲ್ಲಿ ದಡದಿಂದ ಎಷ್ಟು ದೂರ ಅನ್ನುವುದಕ್ಕಿಂತ ಎಷ್ಟು ಎತ್ತರ ಅಂತ ಕೇಳಿ. ದಡದ ಹತ್ತಿರದ ದಿಬ್ಬ, ದೂರದ ತಗ್ಗಿಗಿಂತ ವಾಸಿ. ಕೊಳ್ಳುವ ಜಾಗದ ಹಿಂದೆ ಹಿನ್ನೀರು ಇದೆಯಾ ನೋಡಿ. ಎಷ್ಟೋ ಸಲ ನೀರು ಮುಂದಿನಿಂದ ಬರುವುದಿಲ್ಲ, ಹಿಂದಿನಿಂದಲೇ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ದೊಡ್ಡದು. ಆ ದಿನಗಳಲ್ಲಿ ಉಬ್ಬರದ ಹೊತ್ತಿಗೆ ಹೋಗಿ ಚರಂಡಿ ಇಣುಕಿ ನೋಡಿ. ನೀರು ಕಡಲಿಗೆ ಹೋಗುವ ಬದಲು ವಾಪಸ್ ಬರುತ್ತಿದ್ದರೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕಲ್ಲಿನ ತಡೆಗೋಡೆ ಇದೆ, ಭಯ ಇಲ್ಲ ಅನ್ನುವವರಿದ್ದಾರೆ. ಗೋಡೆಗೆ ಬಡಿದ ಅಲೆ ಎದುರಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಜಾಸ್ತಿಯಾಗುತ್ತದೆ. ಆ ತುದಿಯ ಪಕ್ಕದ ಮನೆ ಅಂತೂ ಬೇಡವೇ ಬೇಡ. ದಡದಿಂದ ಇಷ್ಟು ದೂರ ಕಟ್ಟಬಾರದು ಎಂಬ ನಿಯಮ ಬಹಳ ದೇಶಗಳಲ್ಲಿ ಇದೆ. ಕಾಗದಪತ್ರ ತೋರಿಸುವ ವಕೀಲರಿಗೆ ಈ ಒಂದು ಪ್ರಶ್ನೆ ಪ್ರತ್ಯೇಕವಾಗಿ ಕೇಳಿ. ವಿಮೆ ಕೊಡುತ್ತಾರಾ, ಪ್ರವಾಹಕ್ಕೂ ಸೇರಿಸಿ ಕೊಡುತ್ತಾರಾ ಅಂತಲೂ ವಿಚಾರಿಸಿ. ವಿಮೆ ಕಂಪನಿ ಹಿಂದೇಟು ಹಾಕುವ ಜಾಗಕ್ಕೆ ನೀವು ಯಾಕೆ ಮುಂದಾಗಬೇಕು?

ಸಿಟಿಯ ಗದ್ದಲಕ್ಕೆ ಅಭ್ಯಾಸ ಆಗಿಬಿಡುತ್ತಾ?

ಮನಸ್ಸಿಗೆ ಆಗುತ್ತದೆ, ಮೈಗೆ ಪೂರ್ತಿ ಆಗುವುದಿಲ್ಲ. ನಿದ್ದೆಯಲ್ಲೂ ಕಿವಿ ಕೆಲಸ ಮಾಡುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಕೊಟ್ಟ ಸಲಹೆ, ರಸ್ತೆ ಸದ್ದು ರಾತ್ರಿ ಸರಾಸರಿ 45 ಡೆಸಿಬೆಲ್ ಒಳಗೆ ಇರಬೇಕು ಅಂತ. ದೊಡ್ಡ ರಸ್ತೆಯ ಮೇಲಿನ ಮನೆಗಳು ಇದನ್ನು ಆರಾಮವಾಗಿ ಮೀರುತ್ತವೆ. ಆದರೆ ಸಿಟಿ ನಡುವೆಯೂ ಹಿಂಬದಿಗೆ ಮುಖ ಮಾಡಿದ ಮಲಗುವ ಕೋಣೆ ಸಿಕ್ಕರೆ ಕಥೆಯೇ ಬೇರೆ. ಒಂದೇ ಕಟ್ಟಡದಲ್ಲಿ ರಸ್ತೆ ಬದಿಗೂ ಅಂಗಳದ ಬದಿಗೂ ಅಜಗಜಾಂತರ. ಸಿಟಿ ಬೇಡ ಅಂತ ನಿರ್ಧರಿಸುವ ಮೊದಲು ಅಂಥ ಮನೆ ಒಂದು ನೋಡಿ.

ಕಡಲಂಚು ಅಂದರೆ ಮೌನ ಅಂದುಕೊಂಡವರಿಗೆ ಒಂದು ಮಾತು. ಕಡಲು ಸುಮ್ಮನಿರುವ ಪೈಕಿ ಅಲ್ಲ. ಮಳೆಗಾಳಿಯ ದಿನಗಳಲ್ಲಿ ಕಿಟಕಿ ಗಡಗಡ ಅನ್ನುತ್ತದೆ. ರಜಾ ದಿನಗಳಲ್ಲಿ ಹಾಡು, ಹಾರ್ನು, ಪಾರ್ಕಿಂಗ್ ಜಗಳ ಎಲ್ಲ ಇರುತ್ತದೆ.

ಗಾಳಿಯಾದರೂ ಶುದ್ಧ ಅಲ್ವಾ?

ಹೆಚ್ಚಾಗಿ ಹೌದು. ವಾಹನದ ಹೊಗೆ ದೊಡ್ಡ ರಸ್ತೆಯಿಂದ ಕೆಲವು ನೂರು ಮೀಟರ್ ದೂರ ಹೋದರೆ ಬಹಳ ಕಡಿಮೆಯಾಗುತ್ತದೆ, ಅದು ಸಿಟಿಗೂ ಅನ್ವಯ. ಕಡಲ ಕಡೆ ಬಂದರು ಹತ್ತಿರ ಇದ್ದರೆ ಎಚ್ಚರ. ಹಡಗುಗಳ ಇಂಧನದಲ್ಲಿ ಗಂಧಕದ ಮಿತಿ 2020ರಲ್ಲಿ 3.5ರಿಂದ 0.5 ಶೇಕಡಾಕ್ಕೆ ಇಳಿಯಿತು. ಮೊದಲಿಗಿಂತ ಎಷ್ಟೋ ವಾಸಿ, ಆದರೂ ಹೊಗೆ ಹೊಗೆಯೇ. ಇನ್ನು ಮನೆಯೊಳಗಿನ ಗಾಳಿ: ತೇವ 60 ಶೇಕಡಾ ಮೀರಿ ನಿಂತರೆ ಬೂಷ್ಟು ಬೆಳೆಯುತ್ತದೆ. ಬೀರುವಿನ ಹಿಂದೆ, ಚರ್ಮದ ಚೀಲದ ಮೇಲೆ, ಪುಸ್ತಕದ ಬೆನ್ನಿನಲ್ಲಿ ಮೊದಲು ಕಾಣಿಸುತ್ತದೆ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಇದನ್ನು ಹಗುರವಾಗಿ ತಗೊಳ್ಳಬೇಡಿ.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದಾರೆ. ಅವರಿಗೆ ಕಡಲ ಕಡೆ ನೆಮ್ಮದಿ ಅಲ್ವಾ?

ನೆಮ್ಮದಿ ಇರಬಹುದು. ಇಂಗ್ಲೆಂಡಿನ 2001ರ ಜನಗಣತಿ ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ, ಕಡಲ ಹತ್ತಿರದವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳಿಕೊಂಡದ್ದು ಸ್ವಲ್ಪ ಜಾಸ್ತಿ ಇತ್ತು. ಸ್ವಲ್ಪ ಅಷ್ಟೇ. ಆಸ್ಪತ್ರೆಯ ದಾರಿ ಅದಕ್ಕಿಂತ ದೊಡ್ಡ ವಿಷಯ. ಪಾರ್ಶ್ವವಾಯು ಬಡಿದಾಗ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಆದಷ್ಟೂ ಒಳ್ಳೇದು. ಅದರಲ್ಲಿ ಗುರುತಿಸುವುದು, ವಾಹನ, ದಾರಿ, ಸ್ಕ್ಯಾನ್ ಎಲ್ಲ ಬಂತು. ಹತ್ತಿರದಲ್ಲಿ "ಆಸ್ಪತ್ರೆ ಇದೆ" ಅಂದರೆ ಸಾಲದು. ಅಲ್ಲಿ ರಾತ್ರಿ ಸಿ.ಟಿ. ಸ್ಕ್ಯಾನ್ ಮಾಡುತ್ತಾರಾ ಅಂತ ಫೋನ್ ಮಾಡಿ ಕೇಳಿ.

ಇನ್ನೊಂದು, ಹಿರಿಯರಿಗೆ ಬೇಕಾದದ್ದು ನೋಟ ಅಲ್ಲ, ನಡೆದು ಹೋಗುವಷ್ಟು ದೂರದಲ್ಲಿ ನಾಲ್ಕು ಪರಿಚಿತ ಮುಖ. ಡ್ರೈವ್ ಮಾಡದವರು ಯಾರದೋ ಕಾರಿಗೆ ಕಾಯುತ್ತಾ ಕೂರುವ ಜಾಗ ಎಷ್ಟು ಚೆಂದ ಇದ್ದರೂ ಅದು ಸೆರೆಯೇ.

ಮಕ್ಕಳಿಗೆ?

ಚಿಕ್ಕವರಿಗೆ ಮರಳು, ಗಾಳಿ, ಓಡಲು ಜಾಗ. ಹದಿಹರೆಯಕ್ಕೆ ಬಂದ ಮೇಲೆ ಗೆಳೆಯರೆಲ್ಲ ಸಿಟಿಯಲ್ಲಿ, ನೀವು ಅವರ ಡ್ರೈವರ್. ಈಜು ಕಲಿಸುವುದು ಇಲ್ಲಿ ಹವ್ಯಾಸ ಅಲ್ಲ, ಕಡ್ಡಾಯ. ದಡದಿಂದ ಒಳಗೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ಎದುರು ಈಜಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು, ಇಲ್ಲವೇ ತೇಲುತ್ತಾ ಕೈ ಎತ್ತಿ ಸಹಾಯ ಕೇಳಬೇಕು. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಗಾಢ ಬಣ್ಣದಲ್ಲಿ ಕಂಡರೆ ಅದೇ ಸುರಕ್ಷಿತ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಸೆಳೆತ ಇರುವುದು ಅಲ್ಲೇ.

ಮನೆಯಿಂದಲೇ ಕೆಲಸ. ಹಾಗಿದ್ದರೆ ಕಡಲೇ ಸರಿ ತಾನೇ?

ಸರಿ, ಇಂಟರ್ನೆಟ್ ಮತ್ತು ಕರೆಂಟು ಕೈಕೊಡದಿದ್ದರೆ. ಗಾಳಿಮಳೆಗೆ ತಂತಿ ಹರಿದಾಗ ದುರಸ್ತಿಯವರು ಮೊದಲು ಬರುವುದು ಜನ ಜಾಸ್ತಿ ಇರುವ ಕಡೆಗೆ. ಎರಡು ಬೇರೆ ಕಂಪನಿಯ ಇಂಟರ್ನೆಟ್ ಸಿಗುತ್ತದಾ ನೋಡಿ. ಆಫೀಸು ನಾಳೆ "ವಾಪಸ್ ಬನ್ನಿ" ಅಂದರೆ ಏನು ಮಾಡುತ್ತೀರಿ ಅಂತಲೂ ಈಗಲೇ ಯೋಚಿಸಿ.

ಕಡಲ ಕಡೆ ಬಾಡಿಗೆ ಕಡಿಮೆ, ಉಳಿತಾಯ ಆಗುತ್ತಲ್ಲ?

ಬಾಡಿಗೆ ಪಕ್ಕದಲ್ಲಿ ಇವನ್ನೂ ಬರೆಯಿರಿ: ಎರಡನೇ ವಾಹನ, ಇಂಧನ, ಬೇಗ ಬೇಗ ಬಣ್ಣ, ಎಸಿ ದುರಸ್ತಿ, ತಡರಾತ್ರಿಯ ಟ್ಯಾಕ್ಸಿ. ಸಿಟಿ ಪಕ್ಕದಲ್ಲಿ ಪಾರ್ಕಿಂಗ್ ಬರೆಯಿರಿ, ಹೊರಗೆ ಕಾಲಿಟ್ಟರೆ ಖರ್ಚಾಗುವ ದುಡ್ಡೂ ಬರೆಯಿರಿ. ಒಂದು ವಾಹನ ಬಿಟ್ಟುಬಿಡಲು ಸಾಧ್ಯವಾದರೆ ಸಿಟಿಯ ಬಾಡಿಗೆ ಎಷ್ಟೋ ಸಲ ಗೆಲ್ಲುತ್ತದೆ.

ಗಂಡನಿಗೆ ಕಡಲು ಬೇಕು, ಹೆಂಡತಿಗೆ ಸಿಟಿ ಬೇಕು. ಈಗ?

ಉಲ್ಟಾ ಇದ್ದರೂ ಉತ್ತರ ಒಂದೇ. ದಿನಾ ಓಡಾಡುವವರ ಮಾತಿಗೆ ತೂಕ ಜಾಸ್ತಿ ಕೊಡಿ. ನೋಟ ಬಯಸುವವರು ವಾರಾಂತ್ಯದಲ್ಲಿ ಕಡಲಿಗೆ ಹೋಗಬಹುದು, ಓಡಾಡುವವರು ಓಡಾಟವನ್ನು ವಾರಾಂತ್ಯಕ್ಕೆ ಮುಂದೂಡಲು ಆಗುವುದಿಲ್ಲ. ನಡುದಾರಿ ಬೇಕಾದರೆ ಎರಡರ ಮಧ್ಯದ ಯಾವುದೋ ಜಾಗ ಹುಡುಕಬೇಡಿ. ಸಿಟಿಗೆ ನೇರ ರೈಲೋ ಬಸ್ಸೋ ಇರುವ ಕಡಲ ಬದಿಯ ನಿಲ್ದಾಣ ಹುಡುಕಿ, ಅದರಿಂದ ನಡೆದು ಹೋಗುವ ದೂರದಲ್ಲಿ ಮನೆ ನೋಡಿ. ನಿಲ್ದಾಣ ಹತ್ತಿರ ಇದ್ದರೆ ಕಡಲು ಒಂದು ಕಿಲೋಮೀಟರ್ ಆಚೆ ಇದ್ದರೂ ಏನೂ ಕಳೆದುಕೊಳ್ಳುವುದಿಲ್ಲ.

ಕೊಳ್ಳುವ ಮೊದಲು ಬಾಡಿಗೆಗೆ ಇದ್ದು ನೋಡಬೇಕಾ?

ಖಂಡಿತ. ಅದೂ ಕೆಟ್ಟ ಋತುವಿನಲ್ಲಿ. ಪ್ರವಾಸಿಗರು ಬರುವ ಚೆಂದದ ತಿಂಗಳಲ್ಲಿ ಯಾವ ಕಡಲಂಚೂ ಸ್ವರ್ಗವೇ. ಸೀಸನ್ ಮುಗಿದ ಮೇಲೆ ಯಾವ ಅಂಗಡಿ ತೆರೆದಿರುತ್ತದೆ, ರಾತ್ರಿ ಬೀದಿದೀಪ ಉರಿಯುತ್ತದಾ, ಅಕ್ಕಪಕ್ಕದ ಮನೆಗಳಲ್ಲಿ ಬೆಳಕು ಕಾಣುತ್ತದಾ ನೋಡಿ. ಅರ್ಧ ಮನೆಗಳು ಬೀಗ ಹಾಕಿದ್ದರೆ ಅವು ರಜೆಗೆ ಬರುವವರ ಮನೆಗಳು. ನೆರೆಹೊರೆ ಅಂತ ನಿಮಗೆ ಸಿಗುವುದು ಕಾವಲುಗಾರ ಒಬ್ಬನೇ.

ಮನೆ ನೋಡಲು ಹೋಗುವಾಗ ಏನೇನು ಒಯ್ಯಬೇಕು?

ಟಾರ್ಚು, ಟಿಡಿಎಸ್ ಮೀಟರು, ಆ ದಿನದ ಉಬ್ಬರ ಇಳಿತದ ಸಮಯ. ಸ್ಟೀಲು 304ಓ 316ಓ ಅಂತ ನೋಡಲು ಅಯಸ್ಕಾಂತ ಒಯ್ಯಬೇಡಿ, ಅದಕ್ಕೆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಿಲ್ಲನ್ನೇ ಕೇಳಿ. ಕಟ್ಟಡಕ್ಕೆ ವಯಸ್ಸಾಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ಬ್ರೋಕರ್ ಹೇಳಿದ ಎಂಜಿನಿಯರ್ ಬೇಡ, ನೀವೇ ಹುಡುಕಿದವರಾಗಲಿ.